ಊಟದ ಹೊತ್ತಿನ ಸೂಜಿ

ಈ ವಿಷಯದ ಬಗ್ಗೆ ಬರೆಯಬೇಕು ಅಂತ ಮೂರ್ನಾಲ್ಕು ತಿಂಗಳಿಂದ ಅಂದುಕೊಳ್ತಾನೇ ಇದ್ದೆ. ರಿಲೀಸು, ಡೆಡ್‌ಲೈನು ಅಂತ ಮುಂದಕ್ಕೆ ಹೋಗ್ತಾ ಇತ್ತು. ಈ ಶನಿವಾರ ಬೆಂಗಳೂರಿನಲ್ಲಿ ಬಿಡದೆ ಮಳೆ, ಎಲ್ಲೂ ಹೊರಗೆ ಹೋಗೋ ಹಾಗಿರಲಿಲ್ಲ. ಸರಿ, ಮುಗಿಸಿಬಿಡೋಣ ಅಂತ ಕೂತೆ. ಸ್ವಲ್ಪ ಉದ್ದ ಆಗಿದೆ. ಪಕ್ಕದಲ್ಲಿ ಕಾಫಿ ಇಟ್ಟುಕೊಂಡು ಓದಿ :-)

ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಇದ್ದಾನೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಟಾಗ "ನೀವು ಹೋಗ್ತಾ ಇರಿ, ಬಂದೆ" ಅಂತ ರೆಸ್ಟ್‌ರೂಮಿಗೆ ಹೋಗಿ ಐದು ನಿಮಿಷ ಬಿಟ್ಟು ಬರ್ತಾನೆ. ಒಂದು ವರ್ಷದ ಮೇಲೆ ಗೊತ್ತಾಗಿದ್ದು, ಅವನಿಗೆ ಟೈಪ್ 1 ಡಯಾಬಿಟಿಸ್, ಅಲ್ಲಿ ನಿಂತು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು ಬರ್ತಾನೆ ಅಂತ. ಕೆಲಸಕ್ಕೆ ಸೇರುವಾಗ ತುಂಬಿಸಿದ ಮೆಡಿಕಲ್ ಫಾರ್ಮಿನಲ್ಲಿ ಡಯಾಬಿಟಿಸ್ ಇದೆಯಾ ಅನ್ನೋ ಪ್ರಶ್ನೆಗೆ "ಇಲ್ಲ" ಅಂತ ಟಿಕ್ ಹಾಕಿದ್ದನಂತೆ. ಯಾಕೋ ಹಾಗೆ ಮಾಡಿದೆ ಅಂದ್ರೆ, "ಹೇಳಿದ್ರೆ ಕೆಲಸ ಕೊಡ್ತಿದ್ರು ಅಂತ ನಿಂಗೆ ಗ್ಯಾರಂಟಿ ಇದೆಯಾ ಗುರು?" ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. (ಅವನ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಹೆಸರು ಬೇಡ ಅಂದಿದ್ದಾನೆ.)

ಆ ಉತ್ತರ ಹುಡುಕುತ್ತಾ ಓದೋಕೆ ಶುರು ಮಾಡಿದವನು ನೂರು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಇನ್ಸುಲಿನ್ ಕಂಡುಹಿಡಿದ ಕಥೆ ನಮ್ಮಲ್ಲಿ ಎಷ್ಟೋ ಜನ ಓದಿರ್ತೀವಿ. ಅದನ್ನು ತಗೊಂಡು ಬದುಕುಳಿದವರು ಮಾರನೇ ದಿನ ಎಲ್ಲಿಗೆ ಕೆಲಸಕ್ಕೆ ಹೋದರು, ಅವರನ್ನು ಯಾರು ಸೇರಿಸಿಕೊಂಡರು ಅನ್ನೋ ಕಥೆ ಮಾತ್ರ ಯಾರೂ ಅಷ್ಟಾಗಿ ಹೇಳಿಲ್ಲ. ಇದರಲ್ಲಿ ಹೆಚ್ಚು ಭಾಗ ಅಮೆರಿಕದ್ದು. ಅಲ್ಲಿ ಜಗಳಗಳು ಕೋರ್ಟಿಗೆ ಹೋಗಿ ದಾಖಲಾಗಿವೆ, ನಮ್ಮಲ್ಲಿ ಬಹಳಷ್ಟು ರೆಸ್ಟ್‌ರೂಮಿನೊಳಗೇ ಮುಗಿದುಹೋಗುತ್ತೆ.

1922ಕ್ಕೂ ಮುಂಚೆ ಈ ಪ್ರಶ್ನೆಯೇ ಇರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಈ ಕಾಯಿಲೆ ಬಂತು ಅಂದರೆ ಒಂದೆರಡು ವರ್ಷ ಬದುಕಿದರೆ ಹೆಚ್ಚು. ಅಮೆರಿಕದ ಫ್ರೆಡರಿಕ್ ಆಲೆನ್ ಅನ್ನೋ ವೈದ್ಯರು ಹೆಚ್ಚುಕಮ್ಮಿ ಉಪವಾಸವೇ ಅನ್ನುವಂಥ ಆಹಾರ ಕ್ರಮ ಇಟ್ಟು ಆ ಸಾವನ್ನು ಸ್ವಲ್ಪ ಮುಂದೂಡ್ತಿದ್ದರು, ಅಷ್ಟೇ. 1922ರ ಜನವರಿ 11ರಂದು ಟೊರೊಂಟೋ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸಾರವನ್ನು ಚುಚ್ಚಿದರು. ಅದು ಅಷ್ಟು ಶುದ್ಧವಾಗಿರಲಿಲ್ಲ, ಸರಿಯಾಗಿ ಕೆಲಸ ಮಾಡಲಿಲ್ಲ. ಕಾಲಿಪ್ ಅದನ್ನು ಶುದ್ಧೀಕರಿಸಿದ ಮೇಲೆ, ಜನವರಿ 23ರಂದು ಕೊಟ್ಟ ಇಂಜೆಕ್ಷನ್ ಕೆಲಸ ಮಾಡಿತು. ಮುಂದಿನ ವರ್ಷವೇ ನೊಬೆಲ್. ಪೇಟೆಂಟನ್ನು ಟೊರೊಂಟೋ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು.

ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸ್ತಾರೆ. ಆದರೆ ನೋಡಿ, ಸಾಯೋದು ತಪ್ಪಿತು, ಕಾಯಿಲೆ ವಾಸಿಯಾಗಲಿಲ್ಲ. ಲೋಕದಲ್ಲಿ ಅಲ್ಲಿಯವರೆಗೆ ಇರದಿದ್ದ ಒಂದು ಹೊಸ ಜನವರ್ಗ ಹುಟ್ಟಿಕೊಂಡಿತು. ದಿನಾ ಚುಚ್ಚಿಕೊಂಡರೆ ಎಲ್ಲರ ಹಾಗೆ ಓಡಾಡಬಲ್ಲವರು, ಚುಚ್ಚಿಕೊಳ್ಳದಿದ್ದರೆ ಕೆಲವೇ ದಿನಗಳಲ್ಲಿ ಸಾಯುವವರು. ಇವರನ್ನು ಆರೋಗ್ಯವಂತರು ಅನ್ನಬೇಕೋ ರೋಗಿಗಳು ಅನ್ನಬೇಕೋ? ಕೆಲಸ ಕೊಡುವವರು, ಕಾನೂನು ಮಾಡುವವರು, ನ್ಯಾಯಾಧೀಶರು ಎಲ್ಲರೂ ಮುಂದಿನ 80-90 ವರ್ಷ ಒದ್ದಾಡಿದ್ದು ಇದೊಂದೇ ಪ್ರಶ್ನೆಯ ಮೇಲೆ.

ಮೊದಲ ರೋಗಿಗಳಲ್ಲಿ ಎಲಿಜಬೆತ್ ಹ್ಯೂಸ್ ಅನ್ನೋ ಹುಡುಗಿ ಇದ್ದಳು. ಅಪ್ಪ ಚಾರ್ಲ್ಸ್ ಇವಾನ್ಸ್ ಹ್ಯೂಸ್, ಆಗ ಅಮೆರಿಕದ ವಿದೇಶಾಂಗ ಸಚಿವ, 1930ರಿಂದ ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. 1922ರ ಆಗಸ್ಟಿನಲ್ಲಿ ಟೊರೊಂಟೋಗೆ ಬಂದಾಗ ಅವಳಿಗೆ ಇನ್ನೇನು 15 ತುಂಬುತ್ತಿತ್ತು, ತೂಕ ಸುಮಾರು 20 ಕೆಜಿ! ಅವಳು ಬದುಕಿದಳು, ಓದಿದಳು, ಮದುವೆಯಾಗಿ ಮಕ್ಕಳಾದವು, ಅಮೆರಿಕದ ಸುಪ್ರೀಂ ಕೋರ್ಟಿನ ಇತಿಹಾಸದ ಸಂಘವನ್ನು ಕಟ್ಟಿದರು (ಇಷ್ಟು ಹೊತ್ತಿಗೆ "ಅವಳು" ಅನ್ನೋಕೆ ಮನಸ್ಸಾಗಲ್ಲ). 1981ರಲ್ಲಿ ತೀರಿಕೊಂಡಾಗ 73 ವರ್ಷ, ಅಷ್ಟರಲ್ಲಿ ಸುಮಾರು 42,000 ಇಂಜೆಕ್ಷನ್ ತಗೊಂಡಿದ್ದರು. ಮತ್ತು ಜೀವನಪೂರ್ತಿ, ತೀರಾ ಹತ್ತಿರದವರನ್ನು ಬಿಟ್ಟು ಯಾರಿಗೂ ಗೊತ್ತಾಗದ ಹಾಗೆ ಅದನ್ನು ಮುಚ್ಚಿಟ್ಟಿದ್ದರು. ಮುಖ್ಯ ನ್ಯಾಯಮೂರ್ತಿಯ ಮಗಳು, ಹಣಕ್ಕೆ ಕೊರತೆಯಿಲ್ಲ. ಅಂಥವರೇ ಬಚ್ಚಿಟ್ಟರು ಅಂದರೆ ಕಾರ್ಖಾನೆಗೆ ಹೋಗೋ ಕೆಲಸಗಾರ ಏನು ಮಾಡಿರಬಹುದು, ನೀವೇ ಯೋಚಿಸಿ.

ಎಲ್ಲರೂ ಬಚ್ಚಿಡಲಿಲ್ಲ. ಲಂಡನ್ನಿನ ಆರ್. ಡಿ. ಲಾರೆನ್ಸ್ ಸ್ವತಃ ವೈದ್ಯರು, ಈ ಕಾಯಿಲೆ ಬಂದ ಮೇಲೆ ಸಾಯೋದಕ್ಕೆ ಅಂತಲೇ ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದವರು. 1923ರಲ್ಲಿ ಇನ್ಸುಲಿನ್ ಬಂತು ಅಂತ ಸುದ್ದಿ ತಿಳಿದು ವಾಪಸ್ ಬಂದು ಬದುಕಿಕೊಂಡರು. 1934ರಲ್ಲಿ, ತಮ್ಮ ರೋಗಿಯೂ ಆಗಿದ್ದ ಕಾದಂಬರಿಕಾರ ಎಚ್. ಜಿ. ವೆಲ್ಸ್ ಜೊತೆ ಸೇರಿ ಡಯಾಬಿಟಿಕ್ ಅಸೋಸಿಯೇಷನ್ ಶುರು ಮಾಡಿದರು. ರೋಗಿಗಳೇ ಸೇರಿ ತಮ್ಮ ಪರವಾಗಿ ಮಾತಾಡಿದ ಮೊದಲ ಸಂಘಗಳಲ್ಲಿ ಅದೂ ಒಂದು.

ಈಗ ಕೆಲಸ ಕೊಡುವವರ ಕಡೆಯಿಂದ ನೋಡೋಣ. ಅವರೆಲ್ಲ ಕಟುಕರು ಅಂತ ನಾನು ಹೇಳಲ್ಲ. ಅವರ ಭಯಕ್ಕೂ ಒಂದು ಲೆಕ್ಕ ಇತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಒಂದೊಂದೇ ಕಡೆ ಕಾರ್ಮಿಕರ ಪರಿಹಾರದ ಕಾನೂನುಗಳು ಬಂದವು. ಕೆಲಸದ ಜಾಗದಲ್ಲಿ ಗಾಯವಾದರೆ ತಪ್ಪು ಯಾರದ್ದು ಅಂತ ನೋಡದೆ ಮಾಲೀಕ ಪರಿಹಾರ ಕೊಡಬೇಕು. ನಮ್ಮಲ್ಲಿ ಅದು 1923ರ ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಆಕ್ಟ್. ಬ್ಯಾಂಟಿಂಗ್‌ಗೆ ನೊಬೆಲ್ ಬಂದ ವರ್ಷವೇ! ಒಳ್ಳೇ ಕಾನೂನು. ಆದರೆ ಅದಕ್ಕೊಂದು ಸೈಡ್ ಎಫೆಕ್ಟ್ ಇತ್ತು. 1925ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಒಂದು ಕೇಸಾಯಿತು. ಮೊದಲೇ ಒಂದು ಕಣ್ಣು ಕಳೆದುಕೊಂಡಿದ್ದ ಕಾರ್ಮಿಕನ ಇನ್ನೊಂದು ಕಣ್ಣು ಕೆಲಸದಲ್ಲಿ ಹೋಯಿತು. ಬರೀ ಒಂದು ಕಣ್ಣಿಗಲ್ಲ, ಪೂರ್ತಿ ಕುರುಡುತನಕ್ಕೇ ಈಗಿನ ಮಾಲೀಕ ಪರಿಹಾರ ಕೊಡಬೇಕು ಅಂತ ಕೋರ್ಟು ಹೇಳಿತು. ಇದು ತಿಳಿದಿದ್ದೇ ತಡ, ಆ ರಾಜ್ಯದಲ್ಲಿ ಒಂದು ಕಣ್ಣಿನವರು, ಒಂದು ಕೈಯಿನವರು ಎಷ್ಟೋ ಜನ ಕೆಲಸ ಕಳೆದುಕೊಂಡರು.

ಸಕ್ಕರೆ ಕಾಯಿಲೆಯವರ ವಿಷಯದಲ್ಲೂ ಮಾಲೀಕರ ತಲೆಯಲ್ಲಿ ಓಡುತ್ತಿದ್ದದ್ದು ಇದೇ ಲೆಕ್ಕ. ಬೇರೆಯವರಿಗೆ ಕಾಲಿಗೆ ಮೊಳೆ ಚುಚ್ಚಿದರೆ ವಾರದಲ್ಲಿ ಮಾಯುತ್ತೆ. ಇವನಿಗೆ ಚುಚ್ಚಿ ಗ್ಯಾಂಗ್ರೀನ್ ಆಗಿ ಕಾಲೇ ಹೋದರೆ ದುಡ್ಡು ಯಾರು ಕೊಡಬೇಕು? ಮೆಷಿನ್ ಮುಂದೆ ತಲೆ ಸುತ್ತಿ ಬಿದ್ದರೆ? ಹಾಗಾಗಿ ಕಂಪನಿ ಡಾಕ್ಟರು ಗೇಟಿನಲ್ಲೇ ಮೂತ್ರ ಪರೀಕ್ಷೆ ಮಾಡಿ "ಬೇಡ" ಅನ್ನೋದು ಎಲ್ಲಕ್ಕಿಂತ ಸುಲಭದ ದಾರಿ. ಕಾರ್ಮಿಕನಿಗೆ ಸಹಾಯ ಮಾಡೋಕೆ ಬಂದ ಕಾನೂನು, ಸ್ವಲ್ಪ ಕುಂದು ಇರುವ ಕಾರ್ಮಿಕನಿಗೆ ಬಾಗಿಲು ಮುಚ್ಚೋಕೆ ಕಾರಣ ಆಯಿತು.

ಇಷ್ಟಾದರೂ ಆ ಕಾಲದಲ್ಲಿ ಬಹಳ ಜನ ಬಚ್ಚಿಟ್ಟುಕೊಂಡು ಕೆಲಸ ಮಾಡೋಕೆ ಆಗಿದ್ದು ಹೇಗೆ? ಇದು ನನಗೆ ತುಂಬಾ ಕುತೂಹಲ ಅನ್ನಿಸಿದ ಭಾಗ. ಉತ್ತರ ಔಷಧಿಯಲ್ಲೇ ಇದೆ. ಮೊದಲ ಇನ್ಸುಲಿನ್ ಕೆಲವೇ ಗಂಟೆ ಕೆಲಸ ಮಾಡ್ತಿತ್ತು. 1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಅದಕ್ಕೆ ಪ್ರೋಟಮೀನ್ ಸೇರಿಸಿ ನಿಧಾನವಾಗಿ ರಕ್ತಕ್ಕೆ ಇಳಿಯೋ ಹಾಗೆ ಮಾಡಿದ. 1950ರ ಹೊತ್ತಿಗೆ ಎನ್‌ಪಿಎಚ್ ಅನ್ನೋ ಸುಧಾರಿತ ರೂಪ ಮಾರುಕಟ್ಟೆಗೆ ಬಂತು. ಬೆಳಿಗ್ಗೆ ಮನೆಯಲ್ಲಿ ಗಾಜಿನ ಸಿರಿಂಜನ್ನು ನೀರಲ್ಲಿ ಕುದಿಸಿ, ಒಂದು ಸಲ ಚುಚ್ಚಿಕೊಂಡು ಹೊರಟರೆ ಬಹಳ ಜನರಿಗೆ ದಿನ ಕಳೀತಿತ್ತು. ಸೂಜಿ ಅಡುಗೆಮನೆಯಲ್ಲೇ ಉಳಿಯಿತು, ಆಫೀಸಿಗೆ ಬರಲೇ ಇಲ್ಲ. ಮನೆಯಲ್ಲಿ ಅಜ್ಜ ಅಜ್ಜಿಗೆ ಶುಗರ್ ಇದ್ದವರಿಗೆ ನೆನಪಿರಬಹುದು, ಆಗ ಬೆನೆಡಿಕ್ಟ್ ದ್ರಾವಣಕ್ಕೆ ಮೂತ್ರದ ಹನಿ ಹಾಕಿ ಕಾಯಿಸೋದು, ನೀಲಿ ಇದ್ದದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಶುಗರ್ ಜಾಸ್ತಿ. ಈ ಎಲ್ಲ ರಗಳೆಯೂ ಮನೆಯೊಳಗೇ.

ಆದರೆ ಅದಕ್ಕೊಂದು ಬೆಲೆ ಇತ್ತು. ಬೆಳಿಗ್ಗೆ ಒಮ್ಮೆ ಚುಚ್ಚಿಕೊಂಡ ಮೇಲೆ ಆ ಇನ್ಸುಲಿನ್ ಯಾರ ಮಾತೂ ಕೇಳಲ್ಲ, ತನ್ನ ಪಾಡಿಗೆ ತಾನು ಕೆಲಸ ಮಾಡ್ತಾ ಹೋಗುತ್ತೆ. ಊಟ ಅದರ ಹಿಂದೆ ಓಡಬೇಕು. ಮೀಟಿಂಗು ಅಂತಲೋ ಶಿಫ್ಟು ಅಂತಲೋ ಊಟ ಒಂದು ಗಂಟೆ ತಡವಾದರೆ ಶುಗರ್ ಕುಸಿಯುತ್ತೆ. 70ಕ್ಕಿಂತ ಕೆಳಗೆ ಬಂದರೆ ಲೋ. ಬೆವರು, ಕೈ ನಡುಕ, ಇನ್ನೂ ಇಳಿದರೆ ಮಾತು ತೊದಲೋದು, ಸುಮ್ಮಸುಮ್ಮನೆ ಸಿಟ್ಟು, ಪ್ರಶ್ನೆ ಕೇಳಿದರೆ ಏನೇನೋ ಉತ್ತರ. ಗೊತ್ತಿಲ್ಲದವರಿಗೆ ಥೇಟ್ ಕುಡಿದು ಬಂದವರ ಹಾಗೆ ಕಾಣುತ್ತೆ. ಬಚ್ಚಿಟ್ಟವನ ದೊಡ್ಡ ಕಷ್ಟ ಇದೇ. ಯಾವ ಐದು ನಿಮಿಷದಲ್ಲಿ ಅವನಿಗೆ ಒಂದು ಲೋಟ ಸಕ್ಕರೆ ನೀರು ಬೇಕೋ ಆ ಐದು ನಿಮಿಷದಲ್ಲಿ ಅವನ ಸುತ್ತ ಇರೋರಿಗೆ ಏನಾಗ್ತಿದೆ ಅಂತಲೇ ಗೊತ್ತಿರಲ್ಲ, ಅವನಿಗೆ ಹೇಳೋಕೆ ಬಾಯಿ ಹೊರಳಲ್ಲ.

ಇಂಥ ಘಟನೆಗಳ ಭಯದಿಂದಲೇ ಸಾರಾಸಗಟು ನಿಷೇಧಗಳು ಬಂದವು. ಎಲ್ಲಕ್ಕಿಂತ ಹೆಸರಾದದ್ದು ಅಮೆರಿಕದ ಲಾರಿ ಚಾಲಕರ ನಿಯಮ. 1970ರಲ್ಲಿ ಹೊರಡಿಸಿ 1971ರ ಜನವರಿಯಿಂದ ಜಾರಿಗೆ ತಂದರು. ಇನ್ಸುಲಿನ್ ತಗೊಳ್ಳುವ ಯಾರೂ ರಾಜ್ಯದಿಂದ ರಾಜ್ಯಕ್ಕೆ ದೊಡ್ಡ ವಾಣಿಜ್ಯ ವಾಹನ ಓಡಿಸುವಂತಿಲ್ಲ. ಇಪ್ಪತ್ತು ವರ್ಷ ಅಪಘಾತವಿಲ್ಲದೆ ಓಡಿಸಿದ್ದರೂ ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಬ್ಬ ಸ್ಪ್ಯಾಮ್ ಕಳಿಸಿದ ಅಂತ ಇಡೀ ಊರಿನ ಐಪಿ ರೇಂಜನ್ನೇ ಬ್ಲಾಕ್ ಮಾಡಿದ ಹಾಗೆ. ನ್ಯಾಯವಾಗಿ ಹೇಳಬೇಕೆಂದರೆ, 1970ರಲ್ಲಿ ಈ ನಿಯಮ ಪೂರ್ತಿ ಮೂರ್ಖತನ ಆಗಿರಲಿಲ್ಲ. ಆಗ ಬೆರಳಿನ ಹನಿ ರಕ್ತದಲ್ಲಿ ಶುಗರ್ ನೋಡೋ ಮೀಟರು ಜನಸಾಮಾನ್ಯರ ಕೈಗೆ ಬಂದಿರಲಿಲ್ಲ. ಗೇರ್ ಹಾಕೋ ಮುಂಚೆ ತನ್ನ ಶುಗರ್ ಎಷ್ಟಿದೆ ಅಂತ ಡ್ರೈವರಿಗೇ ತಿಳಿಯೋ ದಾರಿ ಇರಲಿಲ್ಲ. ಮೀಟರು ಬಂದು ದಶಕಗಳಾದ ಮೇಲೂ ನಿಯಮ ಹಾಗೇ ಕೂತಿದ್ದು ಮಾತ್ರ ಮೂರ್ಖತನ.

ಮೊದಲು 1973ರ ರಿಹ್ಯಾಬಿಲಿಟೇಷನ್ ಆಕ್ಟ್ ಸರ್ಕಾರಿ ವಲಯಕ್ಕೆ ಮತ್ತು ಸರ್ಕಾರದ ಹಣ ಪಡೆಯುವವರಿಗೆ ಅನ್ವಯಿಸಿತು. 1990ರಲ್ಲಿ ಬಂದ ಅಮೆರಿಕನ್ಸ್ ವಿತ್ ಡಿಸಬಿಲಿಟೀಸ್ ಆಕ್ಟ್ ಖಾಸಗಿ ಕಂಪನಿಗಳನ್ನೂ ಹಿಡಿಯಿತು. ಉದ್ಯೋಗಕ್ಕೆ ಸಂಬಂಧಿಸಿದ ಭಾಗ ಜಾರಿಯಾಗಿದ್ದು 1992ರ ಜುಲೈನಲ್ಲಿ. ವೈಕಲ್ಯ ಇರುವವನಿಗೆ ಕಂಪನಿ ತನಗೆ ವಿಪರೀತ ಹೊರೆಯಾಗದ ಮಟ್ಟಿಗೆ ಅನುಕೂಲ ಮಾಡಿಕೊಡಬೇಕು, ಇವನಿಂದ ಅಪಾಯ ಅಂತ ಹೇಳಬೇಕಾದರೆ ಇವನನ್ನೇ ಪರೀಕ್ಷಿಸಿ ಹೇಳಬೇಕು.

ಸರಿಯಾಗಿ ಒಂದು ವರ್ಷ ಬಿಟ್ಟು, 1993ರಲ್ಲಿ, ಡಿಸಿಸಿಟಿ ಅನ್ನೋ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅಮೆರಿಕ ಮತ್ತು ಕೆನಡಾದ 1,441 ಟೈಪ್ 1 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ್ದರು. ದಿನಕ್ಕೆ ಒಂದೆರಡು ಸಲದ ಬದಲು ಮೂರು ಅಥವಾ ಹೆಚ್ಚು ಸಲ ಇಂಜೆಕ್ಷನ್ ತಗೊಂಡು (ಇಲ್ಲವೇ ಪಂಪ್ ಹಾಕಿಕೊಂಡು) ಶುಗರನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ತೊಂದರೆ ಬರುವ ಸಾಧ್ಯತೆ 76% ಕಡಿಮೆ. ಕಿಡ್ನಿ, ನರಗಳಿಗೂ ಭಾರಿ ಲಾಭ. ಆದರೆ ತೀವ್ರವಾದ ಲೋ ಶುಗರ್ ಪ್ರಕರಣಗಳು ಸುಮಾರು ಮೂರು ಪಟ್ಟು.

ಇದರ ಅರ್ಥ ಏನಾಯಿತು ನೋಡಿ. ಇನ್ನು ಮುಂದೆ ಒಳ್ಳೆಯ ಚಿಕಿತ್ಸೆ ಅಂದರೆ ಮಧ್ಯಾಹ್ನದ ಊಟಕ್ಕೂ ಒಂದು ಸೂಜಿ. ಊಟ ಮಾಡೋದು ಆಫೀಸಿನಲ್ಲಿ. ಐವತ್ತು ವರ್ಷಗಳಿಂದ ಅಡುಗೆಮನೆಯಲ್ಲಿ ಅಡಗಿದ್ದ ಸೂಜಿ ಬ್ಯಾಗಿನಲ್ಲಿ ಕೂತು ಆಫೀಸಿಗೆ ಬಂತು. (1985ರಲ್ಲೇ ಬಂದಿದ್ದ ಇನ್ಸುಲಿನ್ ಪೆನ್ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು, ಜೇಬಿನಲ್ಲಿದ್ದರೆ ಬರೆಯೋ ಪೆನ್ ಅಂತಲೇ ಅನ್ಕೋಬೇಕು.) ಕಣ್ಣು, ಕಿಡ್ನಿ ಉಳಿಸಿಕೊಳ್ಳಬೇಕಾದರೆ ಬಚ್ಚಿಡೋದು ಕಷ್ಟ. ಬಚ್ಚಿಡಬೇಕಾದರೆ ರೆಸ್ಟ್‌ರೂಮು. ನಮ್ಮ ಟೀಮಿನ ಹುಡುಗನ ಐದು ನಿಮಿಷ ಹುಟ್ಟಿದ್ದು ಅಲ್ಲಿ.

ಅದೇ 1993ರಲ್ಲಿ ಎರಡು ಕೋರ್ಟುಗಳು ಎರಡು ಥರ ಹೇಳಿದವು. ಡಲ್ಲಾಸ್ ನಗರದ ಕೇಸಿನಲ್ಲಿ ಮೇಲ್ಮನವಿ ಕೋರ್ಟು, ಇನ್ಸುಲಿನ್ ತಗೊಳ್ಳುವವನು ವಾಹನ ಓಡಿಸೋದೇ ಅಪಾಯ, ಬೇರೆ ವಿಚಾರಣೆ ಬೇಕಿಲ್ಲ ಅಂದಿತು. ಒಹಾಯೊದ ಟೊಲೆಡೊ ನಗರದಲ್ಲಿ ಪೊಲೀಸ್ ಆಗಲು ಹೊರಟವನನ್ನು ಇನ್ಸುಲಿನ್ ಕಾರಣಕ್ಕೆ ಹೊರಗಿಟ್ಟಿದ್ದರು. ಅಲ್ಲಿನ ಫೆಡರಲ್ ಕೋರ್ಟು, ಎಲ್ಲರನ್ನೂ ಒಂದೇ ಏಟಿಗೆ ಹೊರಗಿಡೋದು ಕಾನೂನುಬಾಹಿರ, ಒಬ್ಬೊಬ್ಬನನ್ನೂ ಪ್ರತ್ಯೇಕವಾಗಿ ನೋಡಿ ಅಂದಿತು. ಡಲ್ಲಾಸಿನ ನಿಲುವು ಸಡಿಲವಾಗೋಕೆ 2002ರವರೆಗೆ ಕಾಯಬೇಕಾಯಿತು.

ಇನ್ನೇನು ಗೆದ್ದರು ಅನ್ನೋ ಹೊತ್ತಿಗೆ 1999ರಲ್ಲಿ ಸುಪ್ರೀಂ ಕೋರ್ಟಿನಿಂದ ದೊಡ್ಡ ಪೆಟ್ಟು ಬಿತ್ತು. ಸಟನ್ ವರ್ಸಸ್ ಯುನೈಟೆಡ್ ಏರ್‌ಲೈನ್ಸ್. ಕೇಸು ಡಯಾಬಿಟಿಸಿನದ್ದೇ ಅಲ್ಲ, ಕನ್ನಡಕ ಹಾಕುವ ಅವಳಿ ಸೋದರಿಯರು ಪೈಲಟ್ ಕೆಲಸಕ್ಕೆ ಹಾಕಿದ್ದ ಅರ್ಜಿಯದ್ದು. ಒಬ್ಬರಿಗೆ ವೈಕಲ್ಯ ಇದೆಯಾ ಅಂತ ನೋಡುವಾಗ ಕನ್ನಡಕ, ಔಷಧಿ ಇವುಗಳ ಪರಿಣಾಮವನ್ನೂ ಸೇರಿಸಿ ನೋಡಬೇಕು ಅಂತ ಕೋರ್ಟು 7-2ರಲ್ಲಿ ತೀರ್ಮಾನಿಸಿತು. ತೀರ್ಪು ಬರೆದ ನ್ಯಾಯಮೂರ್ತಿ ಓ'ಕಾನರ್ ಉದಾಹರಣೆಗೆ ತಗೊಂಡಿದ್ದು ಯಾರನ್ನು ಅಂತೀರಾ? ಡಯಾಬಿಟಿಸ್ ಇರುವವರನ್ನೇ! ಇನ್ಸುಲಿನ್ನಿಂದ ದಿನನಿತ್ಯದ ಬದುಕು ಸರಾಗವಾಗಿ ನಡೀತಿದ್ದರೂ, ಬರೀ ಕಾಯಿಲೆ ಇದೆ ಅನ್ನೋ ಕಾರಣಕ್ಕೆ ವೈಕಲ್ಯ ಅಂದರೆ ಸರಿಯಲ್ಲ ಅನ್ನೋ ಅರ್ಥದಲ್ಲಿ.

ಇದರಿಂದ ಆದ ಗೋಜಲು ನೋಡಿ, ಯಾವ ಕೋಡಿನಲ್ಲೂ ನಾನು ಇಂಥ ಡೆಡ್‌ಲಾಕ್ ನೋಡಿಲ್ಲ. ಶಿಸ್ತಾಗಿ ಇನ್ಸುಲಿನ್ ತಗೊಂಡು ಚೆನ್ನಾಗಿದ್ದೀಯ? ಹಾಗಾದರೆ ನಿನಗೆ ವೈಕಲ್ಯ ಇಲ್ಲ, ಕಾನೂನಿನ ರಕ್ಷಣೆಯೂ ಇಲ್ಲ, ಕಂಪನಿ ನಿನ್ನ ಡಯಾಬಿಟಿಸ್ ಕಾರಣಕ್ಕೇ ತೆಗೆದರೂ ಕೇಳುವ ಹಾಗಿಲ್ಲ. ಶುಗರ್ ಹಿಡಿತಕ್ಕೆ ಸಿಗ್ತಿಲ್ಲವಾ? ಹಾಗಾದರೆ ವೈಕಲ್ಯ ಇದೆ, ಆದರೆ ಈ ಕೆಲಸಕ್ಕೆ ನೀನು ಯೋಗ್ಯನಲ್ಲ. ಎರಡೂ ಕಡೆ ಬಾಗಿಲು ಹಾಕಿದೆ. ಮುಂದಿನ ಒಂಬತ್ತು ವರ್ಷ ಎಷ್ಟೋ ಕೇಸುಗಳು, ಕಂಪನಿ ಮಾಡಿದ್ದು ಸರಿಯೋ ತಪ್ಪೋ ಅನ್ನೋ ಪ್ರಶ್ನೆಗೆ ಬರೋ ಮುಂಚೆ "ನೀನು ರೋಗಿ ಹೌದೋ ಅಲ್ಲವೋ" ಅನ್ನೋದರಲ್ಲೇ ಸತ್ತವು. 1922ರ ಪ್ರಶ್ನೆಯೇ ಮತ್ತೆ.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಸತ್ತು ಕಾನೂನಿಗೇ ತಿದ್ದುಪಡಿ ತಂದು ಇದನ್ನು ರಿಪೇರಿ ಮಾಡಿತು. ಔಷಧಿಯ ಪರಿಣಾಮವನ್ನು ಬದಿಗಿಟ್ಟು ನೋಡಬೇಕು, ಗ್ರಂಥಿಗಳ ಕೆಲಸ ಕೆಟ್ಟಿದ್ದರೂ ಅದು ವೈಕಲ್ಯವೇ. 2009ರ ಜನವರಿಯಿಂದ ಜಾರಿ. ಅದೇ ವರ್ಷ ಆಗಸ್ಟಿನಲ್ಲಿ ಸೋನಿಯಾ ಸೋಟೊಮಯರ್ ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಏಳನೇ ವಯಸ್ಸಿನಿಂದ ಇನ್ಸುಲಿನ್ ತಗೊಳ್ಳುವವರು. ಚಿಕ್ಕವರಿದ್ದಾಗ ಒಲೆ ಎಟುಕದೆ ಕುರ್ಚಿ ಹತ್ತಿ ಸಿರಿಂಜು ಕುದಿಸುತ್ತಿದ್ದದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಚಾರ್ಲ್ಸ್ ಹ್ಯೂಸ್ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕೋರ್ಟು, ಅವರ ಮಗಳು ಎಲ್ಲರಿಂದ ಸೂಜಿ ಮುಚ್ಚಿಟ್ಟಿದ್ದ ಕಾಲ.. ಅಲ್ಲಿಂದ ಇಲ್ಲಿಗೆ ಬರೋಕೆ ಒಂದು ಆಯುಷ್ಯವೇ ಹಿಡಿಯಿತು.

2009ರಲ್ಲೇ ಇನ್ನೊಂದು ವಿಚಿತ್ರ ಕೇಸು. ಟೆಕ್ಸಾಸಿನ ಒಬ್ಬ ಪತ್ತೇದಾರಿ ಪೊಲೀಸ್ ಅಧಿಕಾರಿ ಎಫ್‌ಬಿಐ ಏಜೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಡಯಾಬಿಟಿಸ್ ಇದೆ ಅಂತ ಬೇಡ ಅಂದಿದ್ದಲ್ಲ, ಪಂಪ್ ಬಿಟ್ಟು ಇಂಜೆಕ್ಷನ್ ತಗೊಳ್ತೀಯ ಅಂತ ಬೇಡ ಅಂದರು! ಜ್ಯೂರಿ ಅವನ ಪರ ನಿಂತು 1,00,000 ಡಾಲರ್ ಪರಿಹಾರ ಕೊಡಿಸಿತು, 2012ರಲ್ಲಿ ಮೇಲ್ಮನವಿ ಕೋರ್ಟೂ ಎತ್ತಿಹಿಡಿಯಿತು. ಅರ್ಜಿಗೆ ಸಂಬಂಧಿಸಿದ ಬೇರೊಂದು ಕಾರಣಕ್ಕೆ ಕೆಲಸ ಮಾತ್ರ ಸಿಗಲಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸಿದ್ದು ಟೆನ್ನೆಸೀ ರಾಜ್ಯದ ಮೇರಿವಿಲ್ ಅನ್ನೋ ಊರಿನ ಕೇಸು. ಡಾಲರ್ ಜನರಲ್ ಅನ್ನೋ ಅಂಗಡಿ ಸರಣಿ, ನಮ್ಮ ಬಡಾವಣೆಯ ಸೂಪರ್ ಮಾರ್ಕೆಟ್ಟಿನ ಥರ. ಅಲ್ಲೊಬ್ಬ ಮಹಿಳೆ ಕ್ಯಾಷಿಯರ್, ಇನ್ಸುಲಿನ್ ತಗೊಳ್ಳುವವರು. ಲೋ ಆದರೆ ಕುಡಿಯೋಕೆ ಕೌಂಟರಿನ ಹತ್ತಿರ ಜ್ಯೂಸ್ ಇಟ್ಟುಕೊಳ್ತೀನಿ ಅಂತ ಮ್ಯಾನೇಜರನ್ನು ಕೇಳಿದರು, ಆಗಲ್ಲ ಅಂದರು. ಒಂದು ದಿನ ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಲೋ ಆಯಿತು. ಕೌಂಟರ್ ಬಿಟ್ಟು ಹೊರಗೆ ಹೋಗೋ ಹಾಗಿಲ್ಲ. ಫ್ರಿಜ್ಜಿನಿಂದ ಒಂದು ಬಾಟಲಿ ಕಿತ್ತಳೆ ಜ್ಯೂಸ್ ತೆಗೆದು ಕುಡಿದು, ಸರಿಹೋದ ಮೇಲೆ ಅದರ ದುಡ್ಡು ಹಾಕಿದರು. ಬೆಲೆ 1 ಡಾಲರ್ 69 ಸೆಂಟ್. ಇನ್ನೊಂದು ಸಲವೂ ಹೀಗೇ ಆಯಿತು. ದುಡ್ಡು ಕೊಡೋ ಮುಂಚೆ ಅಂಗಡಿಯ ಸಾಮಾನನ್ನು ತಿನ್ನೋದು ಕುಡಿಯೋದು ಅಲ್ಲಿ ನಿಯಮದ ಉಲ್ಲಂಘನೆ. 2012ರಲ್ಲಿ ಮೇಲಿನವರು ಬಂದು ವಿಚಾರಿಸಿದಾಗ ಆಕೆ ಇದ್ದದ್ದು ಇದ್ದ ಹಾಗೆ ಹೇಳಿದರು. ಕೆಲಸ ಹೋಯಿತು.

ಕೋರ್ಟಿನಲ್ಲಿ ಕಂಪನಿಯ ವಾದ ಏನು ಗೊತ್ತಾ? ಜ್ಯೂಸೇ ಯಾಕೆ ಬೇಕಿತ್ತು, ಜೇನುತುಪ್ಪವೋ ಚಾಕೊಲೇಟೋ ಇಟ್ಟುಕೊಳ್ಳಬಹುದಿತ್ತಲ್ಲ ಅಂತ. 2016ರಲ್ಲಿ ಜ್ಯೂರಿ ಬಾಕಿ ಸಂಬಳ 27,565 ಡಾಲರ್, ಜೊತೆಗೆ ಪರಿಹಾರ 2,50,000 ಡಾಲರ್ ಕೊಡಿ ಅಂದಿತು. 2018ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ಒಪ್ಪಿತು. ಒಂದು ಅನುಕೂಲ ಕೇಳಿದಾಗ ಅನ್ಯಾಯವಾಗಿ ಇಲ್ಲ ಅಂದು, ಆಮೇಲೆ ಅದೇ ನಿಯಮ ತೋರಿಸಿ ಕೆಲಸದಿಂದ ತೆಗೆಯೋ ಹಾಗಿಲ್ಲ ಅನ್ನೋದು ತೀರ್ಪಿನ ತಿರುಳು. ಬರೆದವರು ನ್ಯಾಯಾಧೀಶ ಜೆಫ್ರಿ ಸಟನ್. 1999ರ ಕೇಸಿನ ಹೆಸರೂ ಸಟನ್, ಬರೀ ಕಾಕತಾಳೀಯ. ತಮಾಷೆಯೆಂದರೆ ಈ ಸಟನ್ ವಕೀಲರಾಗಿದ್ದಾಗ, ಇದೇ ಕಾನೂನಿನಡಿ ರಾಜ್ಯ ಸರ್ಕಾರಗಳ ಮೇಲೆ ಪರಿಹಾರಕ್ಕೆ ದಾವೆ ಹೂಡುವಂತಿಲ್ಲ ಅಂತ ಸುಪ್ರೀಂ ಕೋರ್ಟಿನಲ್ಲಿ ಅಲಬಾಮಾ ಪರ ವಾದಿಸಿ ಗೆದ್ದವರು.

ನಿಷೇಧಗಳು ಆಮೇಲೆ ಒಂದೊಂದಾಗಿ ಬಿದ್ದವು. ಬ್ರಿಟನ್ನಿನಲ್ಲಿ ಇನ್ಸುಲಿನ್ ತಗೊಳ್ಳುವವರಿಗೆ ಲಾರಿ ಲೈಸೆನ್ಸ್ ಸಿಗುವಂತಾಗಿದ್ದು 2011ರಲ್ಲಿ, ವಾಣಿಜ್ಯ ವಿಮಾನ ಹಾರಿಸೋಕೆ 2012ರಲ್ಲಿ. ಅಮೆರಿಕದ ಲಾರಿ ನಿಷೇಧಕ್ಕೆ 2003ರಲ್ಲಿ ವಿನಾಯಿತಿ ಯೋಜನೆ ತಂದರು. ಅದರಲ್ಲೊಂದು ಜೋಕು, ವಿನಾಯಿತಿ ಬೇಕಾದರೆ ಇನ್ಸುಲಿನ್ ತಗೊಳ್ತಾ ಮೂರು ವರ್ಷ ಲಾರಿ ಓಡಿಸಿದ ಅನುಭವ ಇರಬೇಕು. ಫ್ರೆಶರ್‌ಗೆ ಮೂರು ವರ್ಷ ಎಕ್ಸ್‌ಪೀರಿಯನ್ಸ್ ಕೇಳೋದು ನಮ್ಮಲ್ಲಿ ಮಾತ್ರ ಅಲ್ಲ :-) 2005ರಲ್ಲಿ ಅದನ್ನು ಸಂಸತ್ತು ತೆಗೆಸಿತು. ನಿಷೇಧವೇ ಪೂರ್ತಿ ಹೋಗಿದ್ದು 2018ರ ನವೆಂಬರಿನಲ್ಲಿ. ಈಗ ಚಿಕಿತ್ಸೆ ಕೊಡುವ ವೈದ್ಯರೇ ಶುಗರ್ ದಾಖಲೆ ನೋಡಿ ಬರೆದುಕೊಟ್ಟರೆ ಆಯಿತು. 48 ವರ್ಷ!

ಇನ್ನು ನಮ್ಮ ದೇಶ. ಬೆಂಗಳೂರಿನ ಬಯೋಕಾನ್ 2004ರಲ್ಲೇ ಇಲ್ಲಿ ತಯಾರಾದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂತು. ಇನ್ಸುಲಿನ್ ಮಾಡೋದರಲ್ಲಿ ನಾವು ಹಿಂದಿಲ್ಲ. ಆದರೆ ಅದನ್ನು ತಗೊಂಡು ಕೆಲಸಕ್ಕೆ ಹೋಗುವವರ ಬಗ್ಗೆ ಕಾನೂನು ಹೆಚ್ಚುಕಮ್ಮಿ ಮೌನ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಹಿಮೋಫೀಲಿಯಾ, ಥಲಸ್ಸೀಮಿಯಾ ಇವೆ, ಡಯಾಬಿಟಿಸ್ ಇಲ್ಲ. ಸರ್ಕಾರಿ ಕಡೆ ಇನ್ನೂ ಹಳೆಯ ಗಾಳಿ. ಐಎಎಸ್ ಮುಂತಾದ ಸೇವೆಗಳ ವೈದ್ಯಕೀಯ ನಿಯಮಗಳಲ್ಲಿ ಅಭ್ಯರ್ಥಿಯ ಮೂತ್ರದಲ್ಲಿ ಸಕ್ಕರೆ ಕಂಡರೆ, ಅದು ಡಯಾಬಿಟಿಸ್ ಅಲ್ಲ ಅಂತ ತಜ್ಞರು ಹೇಳಿದರೆ ಮಾತ್ರ ಪಾಸು ಅನ್ನೋ ಧಾಟಿಯ ವಾಕ್ಯ ವರ್ಷಾನುಗಟ್ಟಲೆ ಅಚ್ಚಾಗುತ್ತಾ ಬಂದಿದೆ. 1920ರ ದಶಕದ ಕಂಪನಿ ಡಾಕ್ಟರು ನೆನಪಾದರೆ ತಪ್ಪಿಲ್ಲ.

ಹಾಗಂತ ಪೂರ್ತಿ ಕತ್ತಲೆಯೂ ಇಲ್ಲ. 1997ರಲ್ಲಿ ಬಾಂಬೆ ಹೈಕೋರ್ಟು ಎಚ್‌ಐವಿ ಇದ್ದ ಒಬ್ಬ ದಿನಗೂಲಿ ಕಾರ್ಮಿಕನ ಕೇಸಿನಲ್ಲಿ, ಬರೀ ಸೋಂಕು ಇದೆ ಅಂತ ಕೆಲಸ ನಿರಾಕರಿಸುವಂತಿಲ್ಲ, ಈ ಮನುಷ್ಯ ಈ ಕೆಲಸ ಮಾಡಬಲ್ಲನಾ, ಇತರರಿಗೆ ಅಪಾಯ ಇದೆಯಾ ಅಂತ ನೋಡಬೇಕು ಅಂದಿತ್ತು. ಟೊಲೆಡೊ ತೀರ್ಪಿನ ಮಾತೇ ಇದು. 2021ರಲ್ಲಿ ವಿಕಾಸ್ ಕುಮಾರ್ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು, ಶೇಕಡಾ 40ರ ಸರ್ಟಿಫಿಕೇಟ್ ಇಲ್ಲದವರಿಗೂ ಸೂಕ್ತ ಅನುಕೂಲ ಮಾಡಿಕೊಡಬೇಕಾಗುತ್ತೆ ಅಂತ ಹೇಳಿತು. ಅದು ಪರೀಕ್ಷೆ ಬರೆಯೋಕೆ ಸಹಾಯಕ ಬೇಕು ಅನ್ನೋ ಕೇಸು. ಆದರೂ ಇದೇ ಎಳೆ ಹಿಡಿದು ಯಾರಾದರೂ ವಕೀಲರು ಇನ್ಸುಲಿನ್ ವಿಷಯಕ್ಕೂ ವಾದ ಕಟ್ಟಬಹುದು ಅಂತ ನನಗನ್ನಿಸುತ್ತೆ. ನಾನು ವಕೀಲ ಅಲ್ಲ, ಗೊತ್ತಿರೋರು ತಿದ್ದಿ.

ಇಷ್ಟೆಲ್ಲ ಜಗಳ ಆಗಿದ್ದು ಎಷ್ಟು ದೊಡ್ಡ ಅನುಕೂಲಕ್ಕೆ ಅಂತ ನೋಡಿದರೆ ನಗು ಬರುತ್ತೆ. ಊಟಕ್ಕೆ ಮುಂಚೆ ಹತ್ತು ನಿಮಿಷ. ಚುಚ್ಚಿಕೊಳ್ಳೋಕೆ ಟಾಯ್ಲೆಟ್ ಅಲ್ಲದ ಒಂದು ಶುಚಿಯಾದ ಜಾಗ. ತೆರೆಯದ ಇನ್ಸುಲಿನ್ ಇಡೋಕೆ ಫ್ರಿಜ್ಜಿನಲ್ಲಿ ಒಂದು ಮೂಲೆ (ಫ್ರೀಜರಿನಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಹಾಳು). ಮೇಜಿನ ಮೇಲೆ ಗ್ಲೂಕೋಸ್ ಪೊಟ್ಟಣ. ಮತ್ತು ಲೋ ಆದರೆ ಹೇಗೆ ಕಾಣುತ್ತೆ ಅಂತ ಗೊತ್ತಿರುವ ಇಬ್ಬರು ಸಹೋದ್ಯೋಗಿಗಳು. 15 ಗ್ರಾಂ ಸಕ್ಕರೆ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮೊದಲು ಆಂಬುಲೆನ್ಸಿಗೆ ಫೋನ್ ಮಾಡಬೇಕು. ಇಷ್ಟು ಗೊತ್ತಿದ್ದರೆ ಸಾಕು. ಅಂಥ ಹೊತ್ತಿಗೆ ಗ್ಲುಕಗಾನ್ ಅನ್ನೋ ತುರ್ತು ಇಂಜೆಕ್ಷನ್ ಇದೆ, 2019ರಲ್ಲಿ ಅಮೆರಿಕದಲ್ಲಿ ಮೂಗಿಗೆ ಹಾಕೋ ಪುಡಿಯಾಗಿಯೂ ಬಂತು. ಆದರೆ ಕೊಟ್ಟು ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ ಬರುತ್ತಾ ಅನ್ನೋ ಭಯ ಸಹಜ. ನಮ್ಮಲ್ಲಿ ಸಹಾಯ ಮಾಡಿದವರಿಗೆ ರಕ್ಷಣೆ ಕೊಡೋ ನಿಯಮ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿತು, ಆದರೆ ಅದು ರಸ್ತೆ ಅಪಘಾತಕ್ಕೆ ಮಾತ್ರ. ಆಫೀಸಿನ ಕ್ಯಾಂಟೀನಿನಲ್ಲಿ ಬಿದ್ದವನಿಗೆ ಅನ್ವಯಿಸಲ್ಲ.

ಕೊನೆಗೆ ಆ ಸೂಜಿ. ಬಳಸಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ? ಅಮೆರಿಕದಲ್ಲಿ 1991ರಲ್ಲೇ, ಕೆಲಸದ ಭಾಗವಾಗಿ ರಕ್ತದ ಸಂಪರ್ಕಕ್ಕೆ ಬರಬಹುದಾದವರ ರಕ್ಷಣೆಗೆ ನಿಯಮ ಬಂತು, 2000ದಲ್ಲಿ ಸೂಜಿ ಚುಚ್ಚುವಿಕೆ ತಡೆಯೋಕೆ ಪ್ರತ್ಯೇಕ ಕಾಯ್ದೆ. ನಮ್ಮ 2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ಕಸ ಅಂತ ಬೇರೆ ಇಟ್ಟವು. ಆಫೀಸಿನ ರೆಸ್ಟ್‌ರೂಮಿನಲ್ಲಿ ಬಚ್ಚಿಟ್ಟು ಚುಚ್ಚಿಕೊಂಡವನು ಸೂಜಿಯನ್ನೂ ಬಚ್ಚಿಟ್ಟೇ ಎಸೀಬೇಕು, ಟಿಶ್ಯೂ ಪೇಪರಿನಲ್ಲಿ ಸುತ್ತಿ ಡಬ್ಬಿಗೆ. ಆ ಡಬ್ಬಿ ಖಾಲಿ ಮಾಡೋದು ಗುತ್ತಿಗೆಯಲ್ಲಿ ಬಂದ ಹೌಸ್‌ಕೀಪಿಂಗ್ ಅಕ್ಕ, ಆಮೇಲೆ ಪೌರಕಾರ್ಮಿಕರು. ಅವರ ಕೈಗೆ ಚುಚ್ಚಿದರೆ ಅದು ಯಾವ ಸೂಜಿ, ಯಾರ ರಕ್ತ ಅಂತ ಅವರಿಗೆ ಗೊತ್ತಾಗಲ್ಲ. ಕಂಪನಿಗೆ ಇನ್ಸುಲಿನ್ ತಗೊಳ್ಳುವವರು ಇದ್ದಾರೆ ಅಂತಲೇ ಗೊತ್ತಿಲ್ಲದಿದ್ದರೆ ಅಲ್ಲೊಂದು ಗಟ್ಟಿ ಪ್ಲಾಸ್ಟಿಕ್ ಸೂಜಿ ಡಬ್ಬಿ ಇಡಬೇಕು ಅಂತ ಯಾರಿಗೆ ಹೊಳೆಯುತ್ತೆ?

ಕಳೆದ ವಾರ ನಮ್ಮ ಮಹಡಿಯಲ್ಲಿ ವಿಚಾರಿಸಿದೆ, ಅಂಥ ಡಬ್ಬಿ ಇಲ್ಲ. ಫೆಸಿಲಿಟೀಸ್‌ನವರಿಗೆ, ಯಾರ ಹೆಸರೂ ಹೇಳದೆ, ಒಂದು ಟಿಕೆಟ್ ಹಾಕಿದ್ದೀನಿ. ಇನ್ನೂ "ಓಪನ್" ಅಂತಲೇ ತೋರಿಸ್ತಿದೆ. ನಿಮ್ಮ ಆಫೀಸಿನಲ್ಲಿ ಇದೆಯಾ? ಇದ್ದರೆ ಹೇಗೆ ಇಡಿಸಿದರು, ಯಾರನ್ನು ಕೇಳಿದರು ಅಂತ ದಯವಿಟ್ಟು ಬರೆದು ತಿಳಿಸಿ, ನನ್ನ ಟಿಕೆಟ್ಟಿಗೆ ಸೇರಿಸ್ತೀನಿ.